ನಲವತ್ತು ಗೋಡೆಗಳ ಬಿಲ್ಲು

ನಾನು, ನಮ್ಮ ಯಜಮಾನರು ಇಬ್ಬರೂ ಗೋಡೆ ಮೇಲೆ ಜಾಹೀರಾತು ಬರೆಯುವವರು. ಫ್ಲೆಕ್ಸ್ ಬಂದ ಮೇಲೆ ನಮ್ಮಂಥವರಿಗೆ ಕೆಲಸ ಕಮ್ಮಿಯಾಯಿತು. ಆದರೂ ಗೊಬ್ಬರ, ಪೈಪು, ಸಿಮೆಂಟು ಮಾರುವವರಿಗೆ ಹಳ್ಳಿಯ ಗೋಡೆ ಇನ್ನೂ ಬೇಕು. ಮಂಡ್ಯದ ಒಂದು ಏಜೆನ್ಸಿಯ ಮೂಲಕ ನಮಗೆ ಪೈಪ್ ಕಂಪನಿಯೊಂದರ ಕೆಲಸ ಸಿಕ್ಕಿತು. ಹನಕೆರೆಯಿಂದ ಶುರುಮಾಡಿ ಆತಗೂರು, ಆಚೆ ಪೂರಿಗಾಲಿಯವರೆಗೆ ನಲವತ್ತು ಗೋಡೆ. ಬಣ್ಣ, ಸುಣ್ಣ, ಏಣಿ ಎಲ್ಲ ನಮ್ಮದೇ. ಬಣ್ಣವನ್ನು ಅಂಗಡಿಯಲ್ಲಿ ಸಾಲ ಹೇಳಿ ತಂದೆವು. ಎರಡು ತಿಂಗಳು ಬಿಸಿಲಲ್ಲಿ ನಿಂತು ಬರೆದು, ಒಂದೊಂದು ಗೋಡೆಯದೂ ಫೋಟೊ ತೆಗೆದು, ಬಿಲ್ಲಿನ ಜೊತೆ ಏಜೆನ್ಸಿಗೆ ಕೊಟ್ಟೆವು.

ಮೂರು ತಿಂಗಳಾದರೂ ದುಡ್ಡು ಬರಲಿಲ್ಲ. ಫೋನು ಮಾಡಿ ಸಾಕಾಗಿ, ಒಂದು ದಿನ ಏಜೆನ್ಸಿಯ ಮಾಲೀಕನ ಮುಂದೆ ಹೋಗಿ ಕೂತೆವು.

“ಕಂಪ್ನಿ ದಿವಾಳಿ ಆಗೋಯ್ತು ಕಣಮ್ಮ,” ಅಂದ. “ನಂಗೇ ಬಿಡಿಗಾಸು ಬಂದಿಲ್ಲ, ನಿಮ್ಗೆ ಎಲ್ಲಿಂದ ತಂದ್ಕೊಡ್ಲಿ? ಕಂಪ್ನಿ ಬಾಕಿ ನೋಡಕ್ಕೆ ಸರ್ಕಾರ್ದೋರು ಒಬ್ಬ ಅಧಿಕಾರೀನ ನೇಮಿಸವ್ರೆ. ನೀವೇ ಅವ್ರಿಗೆ ಅರ್ಜಿ ಆಕ್ಕೊಳಿ.”

ಹೊರಗೆ ಬಂದ ಮೇಲೆ ಯಜಮಾನರು, “ಬುಡು ಅತ್ಲಾಗೆ. ಪಾಪ, ಆವಯ್ಯನೂ ಮುಳುಗವ್ನೆ,” ಅಂದರು. ಅವರ ಸ್ವಭಾವವೇ ಅದು. ಆದರೆ ಬಣ್ಣದಂಗಡಿಯವರಿಗೆ ‘ಬುಡಿ’ ಅಂತ ಹೇಳುವುದಕ್ಕೆ ಆಗುತ್ತಿತ್ತೇ?

ಮದ್ದೂರಿನಲ್ಲಿ ಪರಿಚಯದ ವಕೀಲರೊಬ್ಬರಿದ್ದರು. ಏಜೆನ್ಸಿ ಕೊಟ್ಟಿದ್ದ ಕೆಲಸದ ಆದೇಶವನ್ನು ಅವರು ಎರಡು ಸಲ ಓದಿದರು. “ಕೆಲ್ಸ ಒಪ್ಸಿರೋದು ಏಜೆನ್ಸಿ, ದುಡ್ಡು ಕೊಡ್ತೀವಿ ಅಂತ ಸೈನ್ ಆಕಿರೋದೂ ಏಜೆನ್ಸಿ. ಕಂಪ್ನಿ ಕೊಟ್ರೆ ಮಾತ್ರ ಕೊಡ್ತೀವಿ ಅಂತ ಇದ್ರಲ್ಲಿ ಎಲ್ಲೂ ಇಲ್ಲ. ಆದ್ರೂ ಅರ್ಜಿ ಆಕೋಣ, ಏನು ಉತ್ತರ ಬತ್ತದೋ ನೋಡೋಣ.” ನಮ್ಮ ಬಿಲ್ಲು, ಫೋಟೊ ಎಲ್ಲ ಸೇರಿಸಿ ಅವರೇ ಕಳಿಸಿದರು.

ತಿಂಗಳಾದ ಮೇಲೆ ಆ ಅಧಿಕಾರಿಯಿಂದ ಉತ್ತರ ಬಂತು. ವಕೀಲರು ಅದನ್ನು ಓದಿ ಹೇಳಿದರು. ಕಂಪನಿಯ ಪುಸ್ತಕದಲ್ಲಿ ನಮ್ಮ ಹೆಸರೇ ಇಲ್ಲ, ಆದ್ದರಿಂದ ಅರ್ಜಿ ವಜಾ. ಅದಿರಲಿ. ಈ ನಲವತ್ತು ಗೋಡೆಗಳಿಗೆ ಕಂಪನಿ ಏಜೆನ್ಸಿಗೆ ಅರ್ಧ ಹಣ ಮುಂಗಡವಾಗಿಯೇ ಕೊಟ್ಟಿತ್ತು. ಆ ಅರ್ಧವೇ ನಮ್ಮ ಪೂರ್ತಿ ಬಿಲ್ಲಿಗಿಂತ ಜಾಸ್ತಿ. ಉಳಿದರ್ಧಕ್ಕೆ ಏಜೆನ್ಸಿ ಆಗಲೇ ಅರ್ಜಿ ಹಾಕಿತ್ತು, ನಾವು ತೆಗೆದ ಫೋಟೊಗಳನ್ನೇ ಲಗತ್ತಿಸಿ! ನಮ್ಮ ಬೆವರಿನ ದುಡ್ಡು ಜೇಬಿನಲ್ಲಿ ಇಟ್ಟುಕೊಂಡೇ ಆತ ನಮ್ಮನ್ನು ಅಲೆಯಲು ಕಳಿಸಿದ್ದ.

ಮದ್ದೂರಿನಿಂದ ನೇರ ಮಂಡ್ಯದ ಬಸ್ಸು ಹತ್ತಿದೆವು. ಆಫೀಸಿನಲ್ಲಿ ನಾಲ್ಕು ಜನ ಕೂತಿದ್ದರು. ಅವರೂ ಕೇಳಲಿ ಅಂತಲೇ ಆ ಉತ್ತರದ ಕಾಗದವನ್ನು ಮಾಲೀಕನ ಮೇಜಿನ ಮೇಲೆ ಇಟ್ಟೆ.

“ಬಿಡಿಗಾಸು ಬಂದಿಲ್ಲ ಅಂದ್ರಲ್ಲ, ಇದೇನು ಓದಿ.”

ಓದಿ, ಕನ್ನಡಕ ತೆಗೆದು ಒರೆಸಿಕೊಂಡ. “ಅದು ಬೇರೆ ಕರ್ಚಿಗೆ ಆಗೋಯ್ತು ಕಣಮ್ಮ. ಆಫೀಸ್ ಬಾಡಿಗೆ, ಸಂಬ್ಳ…”

“ನಮ್ಮ ಕೂಲಿಯಲ್ಲಿ ನಿಮ್ಮ ಬಾಡಿಗೆ ಕಟ್ಟೋಕೆ ನಾವೇನ್ ನಿಮ್ಗೆ ಬರ್ಕೊಟ್ಟಿದ್ವಾ?” ಅಂದೆ. ನನ್ನ ದನಿ ಬೀದಿಯವರೆಗೂ ಕೇಳಿಸಿರಬೇಕು.

ಆಗ, ನಾನು ಎಣಿಸಿಯೇ ಇರಲಿಲ್ಲ, ಯಜಮಾನರು ಬಾಯಿ ತೆಗೆದರು. “ಪೂರಿಗಾಲೀಲಿ ಏಣಿಯಿಂದ ಬಿದ್ದು ವಾರ ಮಲ್ಗಿದ್ದೆ ಸಾರ್. ಎದ್ದು ಓಗಿ ಆ ಗೋಡೆ ಮುಗ್ಸ್ದೆ. ನಿಮ್ ಮಾತು ಓಗಬಾರ್ದು ಅಂತ.”

ಆದರೂ ಆತ ಅವತ್ತು ಕೊಡಲಿಲ್ಲ. ವಕೀಲರ ನೋಟಿಸು ಹೋದ ಮೇಲೆಯೇ ಚೆಕ್ಕು ಬಂದದ್ದು, ಅದೂ ಮೂರು ಕಂತಿನಲ್ಲಿ. ಕೊನೆಯ ಚೆಕ್ಕು ಕೊಡುವಾಗ, “ನಿಮ್ಮ ಕಷ್ಟ ನೋಡಿ ಕೊಡ್ತಿವ್ನಿ,” ಅಂದ. ಕಷ್ಟ ನೋಡಿಯಂತೆ! ಬಡ್ಡಿ ಇಲ್ಲ, ಓಡಾಡಿದ ಖರ್ಚಿಲ್ಲ, ತಪ್ಪಾಯಿತು ಅನ್ನುವ ಒಂದು ಮಾತಿಲ್ಲ.

ಬಣ್ಣದಂಗಡಿಯ ಸಾಲ ತೀರಿಸಿ ಮನೆಗೆ ಬಂದೆವು. ಯಜಮಾನರು ನೆಮ್ಮದಿಯಾಗಿ ಉಂಡರು. ನನಗೆ ಮಾತ್ರ ಸಿಟ್ಟು ಇಳಿಯಲಿಲ್ಲ. ಈಗಲೂ ಪೂರ್ತಿ ಇಳಿದಿಲ್ಲ.