ಇನ್ನೊಬ್ಬನ ನಾದ

ನಮ್ಮ ಮನೆಯಲ್ಲಿ ಇಬ್ಬರು ಗಂಡಸರಿದ್ದಾರೆ. ಒಬ್ಬರು ನನ್ನನ್ನು ಕಟ್ಟಿಕೊಂಡವರು; ಬಳ್ಳಾರಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾರೆ. ಇನ್ನೊಬ್ಬ ಅಮೆರಿಕದ ಗಿಟಾರುವಾದಕ, ಸತ್ತು ಬಹಳ ವರ್ಷವಾಯಿತು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈಗಾಗಲೇ ಪಾರ್ವತಿನಗರದ ನಮ್ಮ ಪಡಸಾಲೆಯಲ್ಲಿ ಅರ್ಧ ಜಾಗ ಅವನದೇ; ಬರವಣಿಗೆಯಲ್ಲೂ ಜಾಗ ಕೊಟ್ಟರೆ ನಾನು ಎಲ್ಲಿ ಕೂರಲಿ?

ಇವರಿಗೆ ಬೇಕಾಗಿದ್ದದ್ದು ಅವನ ಹಾಡಲ್ಲ, ಅವನ ನಾದ. ಈ ವ್ಯತ್ಯಾಸ ನನ್ನ ತಲೆಗೆ ಹೋಗಲು ಬಹಳ ಕಾಲ ಹಿಡಿಯಿತು. ಹಾಡುಗಳನ್ನು ಇವರು ಎಂದೋ ಕಲಿತಿದ್ದರು. ಅದೇ ಸ್ವರ, ಅದೇ ಬೆರಳು, ಆದರೂ ಅವನ ಗಿಟಾರಿನಿಂದ ಬರುತ್ತಿದ್ದದ್ದೇ ಬೇರೆ. ಅವನು ಒಂದು ತಂತಿಯನ್ನು ಒತ್ತಿ ಎಳೆದರೆ ಸ್ವರ ಮೊದಲು ಸ್ವಚ್ಛವಾಗಿ ಹೊರಟು, ಹೋಗುತ್ತ ಹೋಗುತ್ತ ಗಂಟಲು ಕಟ್ಟಿದವರ ಅಳುವಿನಂತೆ ಒಡೆಯುತ್ತಿತ್ತು. ಫೋನಿನಲ್ಲಿ ನನಗೂ ಕೇಳಿಸಿದ್ದರು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಸತ್ತವನ ಗಂಟಲನ್ನು ಮನೆಗೆ ಕರೆತರುವ ಹಟ ಯಾಕೆ ಎಂದು ಒಳಗೊಳಗೇ ಅಳುಕುತ್ತಿದ್ದೆ.

ಅವನು ದಪ್ಪ ತಂತಿ ಹಾಕುತ್ತಿದ್ದನಂತೆ, ಇವರೂ ದಪ್ಪ ತಂತಿ ಹಾಕಿದರು. ಬೆರಳ ತುದಿ ಸೀಳಿತು. ಊಟಕ್ಕೆ ಕೂತು ಸಾರಿಗೆ ಕೈ ಹಾಕಿದ ಕೂಡಲೇ ಹಲ್ಲು ಕಚ್ಚುತ್ತಿದ್ದರು. "ಚಮಚ ಕೊಡ್ಲೇನ್ರಿ?" ಎಂದರೆ, "ಏನೂ ಆಗಿಲ್ಲ, ನೀ ಸುಮ್ನ ಬಡಿಸು," ಎನ್ನುತ್ತಿದ್ದರು. ತಂತಿಯಿಂದ ನಾದ ಬರಲಿಲ್ಲ. ಆಮೇಲೆ ಯಾರೋ ಹೇಳಿದರು: ಅದು ಈಗಿನ ಆಂಪ್ಲಿಫೈಯರಿನಿಂದ ಬರುವುದಿಲ್ಲ, ಒಳಗೆ ಗಾಜಿನ ವಾಲ್ವ್ ಇರುವ ಹಳೆಯ ಪೆಟ್ಟಿಗೆಯೇ ಬೇಕು, ಅದನ್ನೂ ಪೂರ್ತಿ ಜೋರಾಗಿ ಇಡಬೇಕು.

ಕೌಲ್ ಬಜಾರಿನಲ್ಲಿ ಮದುವೆ, ಉರುಸುಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ಅಂಗಡಿಯೊಂದು ಬಾಗಿಲು ಹಾಕುತ್ತಿತ್ತು. ಅಲ್ಲಿ ಅಂಥದ್ದೊಂದು ಕಬ್ಬಿಣದ ಪೆಟ್ಟಿಗೆ ಸಿಕ್ಕಿತು. ಆಟೋಕ್ಕೆ ಏರಿಸುವಾಗ ಅಂಗಡಿಯ ಯಜಮಾನ ಇವರ ಭುಜ ಮುಟ್ಟಿ ಹೇಳಿದ: "ಸಾಬ್, ಸ್ವಿಚ್ ಬಂದ್ ಮಾಡಿದ್ರೂ ಒಳಗ ಕರೆಂಟ್ ಕುಂತಿರ್ತೈತಿ. ಹುಷಾರ್ ನೋಡ್ರಿ." ಇವರು ನಕ್ಕರು. ನಾನು ನಗಲಿಲ್ಲ. ದಾರಿಯುದ್ದಕ್ಕೂ ಆ ಪೆಟ್ಟಿಗೆ ನನ್ನ ಮೊಣಕಾಲಿಗೆ ತಾಗುತ್ತಿತ್ತು, ತಾಗಿದಾಗಲೆಲ್ಲ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಅಂದಿನಿಂದ ನನಗೆ ಒಂದೇ ಭಯ: ಇದು ಇವರ ಜೀವ ತೆಗೆಯುತ್ತದೆ.

ಮನೆಗೆ ಬಂದ ಮೇಲೆ ಇವರು ಅದರ ಹೊಟ್ಟೆ ಬಗೆದು ತಿಂಗಳುಗಟ್ಟಲೆ ಬೆಸುಗೆ ಹಾಕಿದರು. ಸಾಲಿಯಲ್ಲಿ ಪಾಠ ಹೇಳಿ ನಾನು ಬರುವ ಹೊತ್ತಿಗೆ ಪಡಸಾಲೆ ತುಂಬ ಸುಟ್ಟ ವಾಸನೆ. ಅಳೆಯಲು ನಾನಾ ಉಪಕರಣಗಳಿದ್ದರೂ ನಾದ ಬಂತೋ ಇಲ್ಲವೋ ಎಂದು ನೋಡಲು ಇವರಿಗಿದ್ದ ಮೀಟರ್ ನಾನೊಬ್ಬಳೇ. ನನಗೆ ಸಂಗೀತ ತಿಳಿಯದು, ಅದೇ ಇವರಿಗೆ ಬೇಕಾದ ಅರ್ಹತೆ. ಬಾರಿಸಿ ನಿಲ್ಲಿಸಿ ಕೇಳುತ್ತಿದ್ದರು: "ಜುಮ್ ಅಂತೇನು?"

"ಇಲ್ಲ."

"ಖರೇ ಹೇಳು."

"ಖರೇನೇ ಹೇಳಾಕತ್ತೀನಿ. ಮೈ ಜುಮ್ ಅಂದ್ರ ನಾನ ಹೇಳ್ತೀನಿ, ನೀವು ಕೇಳಬ್ಯಾಡ್ರಿ."

ಪೂರ್ತಿ ಜೋರಾಗಿ ಇಡಲು ಪಾರ್ವತಿನಗರದಲ್ಲಿ ಸಾಧ್ಯವೇ ಇರಲಿಲ್ಲ. ಸ್ಪೀಕರಿನ ಮೇಲೆ ಕೌದಿ ಹೊದಿಸಿ ನೋಡಿದರು. ನೆಗಡಿಯಾದವರು ಮಾತಾಡಿದಂತೆ ಕೇಳಿಸಿತು. ಕೌದಿ ತೆಗೆದರೆ ಪಕ್ಕದ ಮನೆಯವರು ಕಾಂಪೌಂಡಿಗೆ ಬಂದು ನಿಂತರು. ಹೀಗಾಗಿ ಗಿಟಾರೂ ಪೆಟ್ಟಿಗೆಯೂ ನಮ್ಮ ಜೊತೆ ಊರೂರು ಸುತ್ತತೊಡಗಿದವು.

ಮೊದಲು ಹೋದದ್ದು ಕುರುಗೋಡಿಗೆ, ನನ್ನ ತವರಿಗೆ. ಅಲ್ಲಿನದು ಕಲ್ಲಿನ ಗೋಡೆ, ಕಲ್ಲು ಚಪ್ಪಡಿಯ ಮಾಳಿಗೆ. ಕೂಗಿದರೂ ಹೊರಗೆ ಕೇಳದು. ಇವರು ಸ್ವಿಚ್ ಹಾಕಿದ ಕೂಡಲೇ ಪೆಟ್ಟಿಗೆ ಗುರ್ ಎಂದಿತು. ತಂತಿ ಮುಟ್ಟಿದರೆ ಗುರುಗುಟ್ಟುವುದು ನಿಲ್ಲುತ್ತಿತ್ತು, ಕೈ ಬಿಟ್ಟರೆ ಮತ್ತೆ ಶುರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಅವ್ವನ ಮುಖ ಬಿಗಿಯಿತು.

"ಮುಟ್ಟಿದ್ರ ಸುಮ್ನಾಗ್ತೈತಿ, ಬಿಟ್ರ ಗುರ್ ಅಂತೈತಿ. ಏನ್ರಿ ಅಳಿಯಾರ, ಇದಕ್ಕೇನು ಜೀವ ಐತೇನು?"

ಇವರು ಕನ್ನಡಕದ ನಂಬರು ಬಿಡಿಸಿ ಹೇಳುವ ದನಿಯಲ್ಲೇ ಹೇಳಿದರು. ಗಿಟಾರಿನ ಉಕ್ಕಿನ ತಂತಿಗಳು ಪೆಟ್ಟಿಗೆಯ ಕಬ್ಬಿಣದ ಮೈಗೆ ಸೇರಿರುತ್ತವೆ. ಪೆಟ್ಟಿಗೆಯ ಮೈ ಅರ್ತ್ ತಂತಿಯಿಂದ ಭೂಮಿಗೆ ಸೇರಿರುತ್ತದೆ. ತಂತಿ ಹಿಡಿದವನೂ ಭೂಮಿಗೆ ಸೇರಿದಂತೆಯೇ. "ಅದಕ್ಕ ಏನೂ ಆಗೂದಿಲ್ರಿ ಅತ್ತಿ. ಅರ್ತ್ ಐತಿ ಅಂದ್ರ ಭೂತಾಯಿ ಮಡಿಲಾಗ ಕುಂತಂಗ."

ಅವ್ವ ಒಪ್ಪಲಿಲ್ಲ. ಮಣ್ಣಿಗೆ ಸೇರುವ ಮಾತನ್ನು ಊಟದ ಹೊತ್ತಿಗೆ ಆಡಬಾರದೆಂದು ಒಳಗೆ ಹೋದಳು. ಇವರು ಬಾರಿಸಿದಾಗ ಅಡುಗೆಮನೆಯ ಫಳಿಯ ಮೇಲಿನ ಸ್ಟೀಲಿನ ತಾಟುಗಳೆಲ್ಲ ಗಡಗಡ ಅಂದವು. ಸ್ವರ ಕಲ್ಲಿಗೆ ಬಡಿದು ಚೂಪಾಗಿ ಕಿವಿಗೆ ಚುಚ್ಚಿತು. ಕಲ್ಲು ಬೇಡ, ಶಬ್ದವನ್ನು ಹೀರಿಕೊಳ್ಳುವ ಗೋಡೆ ಬೇಕು ಎಂದು ಇವರು ತೀರ್ಮಾನಿಸಿದರು. ಅಂಥ ಗೋಡೆ ಎಲ್ಲಿದೆ ಎಂದೂ ಇವರಿಗೆ ಹೊಳೆಯಿತು: ಸಿರುಗುಪ್ಪದ ಕಡೆ, ದೇಶನೂರಿನಲ್ಲಿ, ಇವರ ಅಕ್ಕನ ಮನೆಯ ಭತ್ತದ ಕೋಣೆ. ಸೂರಿನ ತನಕ ಚೀಲಗಳು, ನಡುವೆ ಖಾಲಿ ನೆಲ.

ನಾವು ಹೋದದ್ದು ಬೇಸಿಗೆಯಲ್ಲಿ. ಕಾಲುವೆಗೆ ನೀರು ನಿಲ್ಲಿಸಿದ್ದರು. ಗದ್ದೆಗಳೆಲ್ಲ ಬಿರಿದು, ಕೂಳೆ ಒಣಗಿ, ಗಾಳಿಯಲ್ಲಿ ಹೊಟ್ಟಿನ ಧೂಳು. ಕಾರಿನಿಂದ ಇಳಿದಾಗ ಅಕ್ಕ ಮತ್ತು ಭಾವ ಇಬ್ಬರೂ ಬಾಗಿಲಲ್ಲೇ ಇದ್ದರು. ತಮ್ಮ ಬಾರಿಸುತ್ತಾನೆ ಎಂದು ಅಕ್ಕನಿಗೆ ಹಬ್ಬದಷ್ಟು ಸಂಭ್ರಮ.

ಇವರು ಮೊದಲು ಕೇಳಿದ್ದೇ ಅದನ್ನು. ಬೇಜವಾಬ್ದಾರಿ ಮನುಷ್ಯ ಎಂದು ಯಾರೂ ಅನ್ನುವ ಹಾಗಿಲ್ಲ.

"ಭಾವ, ಅರ್ತ್ ಐತೇನು?"

"ಐತಲ್ಲೋ ಮಾರಾಯ! ನಾನ ನಿಂತು ಗುಂಡಿ ತೋಡಿಸಿ ಹುಗಿಸೀನಿ. ಉಪ್ಪು, ಇದ್ದಲಿ ಎಲ್ಲಾ ಹಾಕೇವಿ."

ಇಬ್ಬರೂ ಅಂದದ್ದು ಒಂದೇ ಮಾತು, ಇಬ್ಬರ ಮನಸ್ಸಿನಲ್ಲಿದ್ದದ್ದು ಬೇರೆ ಬೇರೆ. ಇದು ನನಗೆ ಗೊತ್ತಾದದ್ದು ಆಮೇಲೆ, ಆಸ್ಪತ್ರೆಯ ವರಾಂಡದಲ್ಲಿ, ಭಾವ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ. ಪೇಟೆಯಲ್ಲಿ ಅರ್ತ್ ಅಂದರೆ ಕಾಯುವ ತಂತಿ. ಕರೆಂಟು ದಾರಿ ತಪ್ಪಿದರೆ ಮಾತ್ರ ಅದಕ್ಕೆ ಕೆಲಸ. ಭಾವನ ಮನೆಯಲ್ಲಿ ಅದು ದುಡಿಯುವ ತಂತಿ. ಕಂಬದಿಂದ ಒಂದು ತಂತಿಯಲ್ಲಿ ಬಂದ ಕರೆಂಟು ಇನ್ನೊಂದರಲ್ಲಿ ವಾಪಸು ಹೋಗಬೇಕು. ಆ ವಾಪಸು ತಂತಿ ಯಾವಾಗಲೂ ಕೈಕೊಡುತ್ತದೆಂದು ಭಾವ ಅದನ್ನು ಬಿಚ್ಚಿ, ಹಿತ್ತಿಲಲ್ಲಿ ಹುಗಿದ ಪೈಪಿಗೇ ಕಟ್ಟಿದ್ದರು. ಪ್ಲಗ್ಗಿನ ಅರ್ತ್ ತಂತಿಯನ್ನೂ ಅದೇ ಪೈಪಿಗೆ ಕಟ್ಟಿದ್ದರು, ಎಲ್ಲ ಹೋಗುವುದು ಒಂದೇ ಭೂಮಿಗೆ ತಾನೆ ಎಂದು. ನೆಲ ತೇವವಿದ್ದಷ್ಟು ದಿನ ಎಲ್ಲ ನಡೆಯುತ್ತದೆ. ನೆಲ ಒಣಗಿದರೆ ಲೈಟು ಮಂಕಾಗುತ್ತದೆ, ಆಗ ಯಾರಾದರೂ "ಅರ್ತಿಗೆ ನೀರು ಹಾಕ್ರಿ" ಎಂದು ಕೂಗುತ್ತಾರೆ, ಒಂದು ಕೊಡ ನೀರು ಸುರಿದರೆ ಮತ್ತೆ ಬೆಳಕು. ಎಮ್ಮೆಗೆ ನೀರು ಕುಡಿಸಿದಂತೆ ಕರೆಂಟಿಗೂ ಕುಡಿಸುತ್ತೀರಲ್ಲ ಎಂದು ಹಿಂದೆ ನಾನೇ ಅವರನ್ನು ಎಷ್ಟು ಗೇಲಿ ಮಾಡಿದ್ದೇನೋ.

ಮಧ್ಯಾಹ್ನ ಊಟವಾದ ಮೇಲೆ ಕೋಣೆಗೆ ಹೋದೆವು. ವಾದ್ಯ ಮೊದಲ ಸಲ ಮನೆಗೆ ಬಂದಿದೆಯೆಂದು ಅಕ್ಕ ಆ ನೆಲವನ್ನು ಆಗಷ್ಟೇ ಸೆಗಣಿಯಿಂದ ಸಾರಿಸಿದ್ದರು. ಇನ್ನೂ ಹಸಿಯಿತ್ತು. ಗಿಟಾರಿಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿದರು. ಇವರು ಹೊಸ್ತಿಲಾಚೆ ಚಪ್ಪಲಿ ಬಿಟ್ಟರು. ಎಲ್ಲೇ ಆಗಲಿ ಚಪ್ಪಲಿ ಮೆಟ್ಟಿ ಇವರು ಗಿಟಾರು ಮುಟ್ಟಿದವರಲ್ಲ. ಅಮೆರಿಕದ ವಾದ್ಯವಾದರೂ ಸರಸ್ವತಿ ಸರಸ್ವತಿಯೇ ಎನ್ನುವವರು. ಕಿಟಕಿಯಿಲ್ಲದ ಕೋಣೆ, ಒಂದೇ ಬಲ್ಬು. ಸ್ವಿಚ್ ಹಾಕಿದಾಗ ಪೆಟ್ಟಿಗೆಯೊಳಗೆ ವಾಲ್ವುಗಳು ನಿಧಾನಕ್ಕೆ ಕೆಂಪಾದವು. ಅವು ಕೆಂಪಾಗುತ್ತ ಬಂದಂತೆ ಬಲ್ಬು ಮಂಕಾಗುತ್ತ ಹೋಯಿತು.

ಇವರು ಒಂದು ಬೆರಳಿನಿಂದ ತಂತಿಯನ್ನು ಸವರಿ, ಕೈ ತೆಗೆದು, ನನ್ನ ಕಡೆ ನೋಡಿ ನಕ್ಕರು.

"ಜುಮ್ ಅನ್ನಾಕತ್ತೈತಿ ನೋಡ!"

"ಅಂದ್ರ ಬಂತು ಬಿಡೋ ತಮ್ಮಾ," ಎಂದರು ಅಕ್ಕ, ಕೈ ತಟ್ಟುತ್ತ. ನಾನೂ ನಕ್ಕೆ. ಇಷ್ಟು ದಿನ ನನ್ನ ಮೈಯಲ್ಲಿ ಹುಡುಕಿದ್ದು ಕೊನೆಗೆ ಇವರ ಮೈಗೇ ಬಂತಲ್ಲ ಎಂದುಕೊಂಡೆ. ಮನೆಯಲ್ಲಿ ಮಿಕ್ಸಿ ಮುಟ್ಟಿ ಇದೇ ಮಾತು ಹೇಳಿದ್ದರೆ ಓಡಿ ಹೋಗಿ ಪ್ಲಗ್ಗು ಕೀಳುತ್ತಿದ್ದೆ. ಅದೇ ಮಾತು ಗಿಟಾರು ಹಿಡಿದು ಹೇಳಿದಾಗ ಯಾರಿಗೂ ಬೇರೆ ಅರ್ಥ ತೋಚಲಿಲ್ಲ, ಬಹುಶಃ ಇವರಿಗೂ.

ಭಾವ ಬಲ್ಬನ್ನೇ ನೋಡುತ್ತಿದ್ದರು. "ಇದರೌನ, ಅರ್ತ್ ಒಣಗೇತಿ. ಕೊಡ ಎಲ್ಲೈತಿ?" ಎಂದರು. ಕೊಡದ ನೀರು ಸಾರಿಸುವುದಕ್ಕೆ ಖರ್ಚಾಗಿತ್ತು. ಹೊಸದಾಗಿ ತುಂಬಿಕೊಳ್ಳಲು ಹಿತ್ತಿಲಿಗೆ ಹೋದರು. ಇವರು ಪೆಟ್ಟಿಗೆಯ ಜೋರಿನ ಗುಂಡಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿದರು. ತಂತಿಗಳನ್ನು ಗಟ್ಟಿಯಾಗಿ ಹಿಡಿದು ಒಂದನ್ನು ಎಳೆದರು.

ಬಂತು. ಅದನ್ನು ಹೇಗೆ ಬರೆಯಲಿ? ಮೊದಲು ಸ್ವಚ್ಛವಾಗಿ ಹೊರಟಿತು. ಚೀಲಗಳು ಅದರ ಚೂಪನ್ನೆಲ್ಲ ಕುಡಿದುಬಿಟ್ಟವು. ಆಮೇಲೆ ಅದು ಒಡೆಯತೊಡಗಿತು, ಫೋನಿನಲ್ಲಿ ಕೇಳಿದ್ದಕ್ಕಿಂತ ನೂರು ಪಾಲು ಹತ್ತಿರದಲ್ಲಿ, ನನ್ನದೇ ಎದೆಯೊಳಗೆ ಯಾರೋ ಅತ್ತಂತೆ. ತೋಳಿನ ಮೇಲಿನ ರೋಮವೆಲ್ಲ ಎದ್ದು ನಿಂತಿತು. ಕಣ್ಣು ತುಂಬಿತು. ಇವರನ್ನು ಅಷ್ಟು ವರ್ಷ ಗೇಲಿ ಮಾಡಿದವಳು ನಾನೇ ಏನು ಎನ್ನಿಸಿತು. ಅದು ಮುಗಿಯದಿರಲಿ ಎಂದು ಬಯಸಿ ಕಣ್ಣು ಮುಚ್ಚಿದೆ.

ಅದು ಮುಗಿಯಲಿಲ್ಲ. ಎಳೆದ ಸ್ವರ ಎಂದಾದರೂ ಇಳಿಯಬೇಕು, ಬಾರಿಸುವವನು ಉಸಿರಾದರೂ ಬಿಡಬೇಕು. ಇದು ಇಳಿಯದೆ, ನಡುಗದೆ, ಒಂದೇ ಸಮ ನಿಂತಿತ್ತು. ಕಣ್ಣು ತೆರೆದೆ. ಇವರ ಹಲ್ಲು ಕಚ್ಚಿಕೊಂಡಿತ್ತು. ಕುತ್ತಿಗೆಯ ನರಗಳು ಎದ್ದಿದ್ದವು. ಕಣ್ಣು ನನ್ನ ಮೇಲೇ ಇತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಕೈ ತಂತಿಯನ್ನು ಹಿಡಿದಿರಲಿಲ್ಲ, ತಂತಿ ಕೈಯನ್ನು ಹಿಡಿದಿತ್ತು.

ನಾನು ಮುಂದೆ ನುಗ್ಗಿದೆ. "ಮುಟ್ಟಬ್ಯಾಡ, ಮುಟ್ಟಬ್ಯಾಡವ್ವಾ!" ಎಂದು ಅಕ್ಕ ನನ್ನ ಸೆರಗು ಹಿಡಿದು ಜಗ್ಗಿದರು. ಪ್ಲಗ್ಗು ಇವರ ಹಿಂದೆ, ಚೀಲಗಳ ಸಂದಿಯಲ್ಲಿತ್ತು. ನಾನು ಕೂಗುತ್ತಿದ್ದೆನಂತೆ, ಆ ನಾದದ ಮುಂದೆ ನನಗೆ ನನ್ನ ದನಿಯೇ ಕೇಳಲಿಲ್ಲ. ಅಷ್ಟರಲ್ಲಿ ಬಲ್ಬು ಒಮ್ಮೆಲೇ ಬೆಳ್ಳಗೆ ಉರಿಯಿತು. ಇವರು ಕಡಿದ ಮರದಂತೆ ಬಿದ್ದರು. ಗಿಟಾರು ನೆಲದ ಮೇಲೆ ಊಳಿಡುತ್ತಲೇ ಇತ್ತು.

ಭಾವ ಖಾಲಿ ಕೊಡ ಹಿಡಿದು ಬಾಗಿಲಿಗೆ ಬಂದರು. "ಈಗ ಹೆಂಗೈತಿ ಲೈಟು?" ಎಂದು ಕೇಳಿದರು.

ಒಣ ನೆಲದಲ್ಲಿ ದಾರಿ ಸಿಗದ ಕರೆಂಟು ಪೈಪಿನಿಂದ ಅರ್ತ್ ತಂತಿ ಹಿಡಿದು ಪೆಟ್ಟಿಗೆಯ ಮೈಗೆ, ಗಿಟಾರಿನ ತಂತಿಗೆ ಬಂದು, ಇವರ ಬರಿಗಾಲಿನಿಂದ ಹಸಿ ನೆಲಕ್ಕೆ ಇಳಿಯುತ್ತಿತ್ತು. ಪೈಪಿಗೆ ಬಿದ್ದ ಆ ಒಂದು ಕೊಡ ನೀರು ಕರೆಂಟಿಗೆ ಇವರ ಮೈಗಿಂತ ಸುಲಭದ ದಾರಿ ತೋರಿಸಿತ್ತು. ನೀರು ತುಂಬಿಕೊಳ್ಳುತ್ತ ಭಾವ ಹಿತ್ತಿಲಲ್ಲಿ ಒಂದು ಬೀಡಿ ಹಚ್ಚಿದ್ದರೆ ಏನಾಗುತ್ತಿತ್ತು? ಬಳ್ಳಾರಿಯ ತನಕ ಕಾರನ್ನು ಅವರೇ ಓಡಿಸಿದರು. ಹಿಂದಿನ ಸೀಟಿನಲ್ಲಿ ಇವರ ತಲೆ ನನ್ನ ತೊಡೆಯ ಮೇಲಿತ್ತು. ಬದುಕಿದರೆ ಸಾಕು, ಕೈ ಹೋದರೂ ಚಿಂತೆಯಿಲ್ಲ, ಈ ಕೈಯೇ ಹೋಗಲಿ ಎಂದು ಸಿಟ್ಟಿನಲ್ಲಿ ಬೇಡಿಕೊಂಡೆ.

ಕೈ ಹೋಗಲಿಲ್ಲ. ಎಡಗೈಯ ಎರಡು ಬೆರಳ ತುದಿ ಕಪ್ಪಾಗಿ, ಸುಲಿದು, ಹೊಸ ಚರ್ಮ ಬಂತು. ಅವಕ್ಕೆ ಬಿಸಿ ತಂಪು ತಿಳಿಯುವುದಿಲ್ಲ. ಆಸ್ಪತ್ರೆಯಲ್ಲಿ ಸರಿಯಾಗಿ ಮಾತಾಡಲು ಬಂದ ದಿನ ಇವರು ಮೊದಲು ನೀರು ಕೇಳಿದರು. ಎರಡನೆಯದಾಗಿ, ಬ್ಯಾಂಡೇಜಿನ ಕೈಯನ್ನು ನನ್ನ ಕೈ ಮೇಲಿಟ್ಟು, ಕೇಳಿದರು: "ನನಗೇನೂ ನೆನಪಿಲ್ಲ. ಗುಂಡಿ ತಿರುಗಿಸಿದ್ದಷ್ಟ ಗೊತ್ತು. ಅದು ಬಂತೇನ?"

ಅಕ್ಕನಿಗೆ ಅದು ಬರೀ ಕಿರುಚಾಟವಾಗಿ ಕೇಳಿಸಿತ್ತು. ಭಾವ ಹೊರಗಿದ್ದರು. ಅದನ್ನು ಕೇಳಿದ ಜೀವ ಲೋಕದಲ್ಲಿ ನಾನೊಬ್ಬಳೇ. ಹೌದು ಅಂದರೆ ಇವರು ಮತ್ತೆ ಆ ಕೋಣೆಗೆ ಹೋಗಿ, ಅದೇ ಪೆಟ್ಟಿಗೆಯ ಮುಂದೆ, ಅದೇ ಗುಂಡಿಯನ್ನು ತಿರುಗಿಸುತ್ತಾರೆ. ನನ್ನ ಗಂಡನನ್ನು ನಾನು ಬಲ್ಲೆ.

"ಇಲ್ಲ," ಎಂದೆ. "ಬರಲಿಲ್ಲ."

ಇದು ಇಲ್ಲಿಗೆ ಮುಗಿಯಿತು, ಗೆದ್ದೆ ಎಂದುಕೊಂಡೆ. ಆಗ ಇವರು ನನ್ನ ಕೈಯನ್ನು ಮೆಲ್ಲಗೆ ಒತ್ತಿ, ಸಮಾಧಾನ ಹೇಳುವವರಂತೆ ಅಂದರು: "ಹಂಗಾದ್ರ ಬಿಡಾಕ ಆಗೂದಿಲ್ಲ."

ಈಗ ಪಾರ್ವತಿನಗರದ ನಮ್ಮ ಮನೆಗೆ ಹೊಸ ವೈರಿಂಗ್ ಆಗಿದೆ, ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ ಇದೆ, ನೆಲಕ್ಕೆ ರಬ್ಬರಿನ ಹಾಸು ಇದೆ. ಪೆಟ್ಟಿಗೆ ಪಡಸಾಲೆಯಲ್ಲೇ ಇದೆ; ಪಕ್ಕದ ಮನೆಗೆ ಕೇಳದಿರಲೆಂದು ಗೋಡೆಗುಂಟ ಸೂರಿನ ತನಕ ಭತ್ತದ ಹೊಟ್ಟಿನ ಚೀಲ ಒಟ್ಟಿದ್ದಾರೆ. ಸಂಜೆಯಾದರೆ ಇವರು ಬಾರಿಸುತ್ತಾರೆ, ನಾನು ಒಳಗೆ ರೊಟ್ಟಿ ಬಡಿಯುತ್ತೇನೆ. ಮರಗಟ್ಟಿದ ಆ ಎರಡು ಬೆರಳುಗಳಿಗೆ ಈಗ ತಂತಿ ಚುಚ್ಚುವುದಿಲ್ಲವಂತೆ, ಮೊದಲಿಗಿಂತ ಗಟ್ಟಿಯಾಗಿ ಎಳೆಯುತ್ತಾರೆ. ನಿನ್ನೆ ಒಂದು ಸ್ವರ ಸ್ವಚ್ಛವಾಗಿ ಹೊರಟು ಒಡೆಯತೊಡಗಿದಾಗ ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಆ ನಾದಕ್ಕೆ ಇನ್ನು ಕೂದಲೆಳೆಯಷ್ಟೇ ಬಾಕಿಯಿತ್ತು. ಇವರು ಅಡುಗೆಮನೆಯ ಬಾಗಿಲಿಗೆ ಬಂದು ನನ್ನ ಮುಖ ನೋಡುತ್ತ ನಿಂತರು. ನಾನು ಇಲ್ಲ ಎಂದು ತಲೆಯಾಡಿಸಿದೆ. ಇವರು ವಾಪಸು ಹೋಗಿ ಪೆಟ್ಟಿಗೆಯನ್ನು ಇನ್ನಷ್ಟು ಜೋರು ಮಾಡಿದರು.