ಕಂಕಣ ಕಟ್ಟಿಕೊಂಡ ಚಾಮುಂಡೇಶ್ವರಿ

ಕುವೆಂಪುನಗರದಲ್ಲಿ ಬ್ಲೌಸ್ ಹೊಲಿಯುವ ಚಾಮುಂಡೇಶ್ವರಿ ಮಾತಿಗೆ ತಪ್ಪುವ ಹೆಂಗಸಲ್ಲ. ಸಂಜೆಗೆ ಕೊಡ್ತೀನಿ ಅಂದರೆ ಸಂಜೆಗೇ ಸೈ. ಅಂಥವಳು ಒಂದು ಪುಸ್ತಕದ ಒಂದೇ ಒಂದು ಅಧ್ಯಾಯ ಮುಗಿಸಲಾರದೆ ಎರಡು ವರ್ಷದಿಂದ ಒದ್ದಾಡುತ್ತಿದ್ದಾಳೆ ಅಂದರೆ ಯಾರು ನಂಬುತ್ತಾರೆ?

ಪುಸ್ತಕ ಅವಳ ಅಕ್ಕ ಲಕ್ಷ್ಮಮ್ಮನ ಬಗ್ಗೆ. ಅಕ್ಕ ತೀರಿಕೊಂಡು ಹದಿನಾಲ್ಕು ವರ್ಷ. ಆಗ ಆರು ವರ್ಷದವಳಾಗಿದ್ದ ಅಕ್ಕನ ಮಗಳು ಬಿಂದುಶ್ರೀಯನ್ನು ಸಾಕಿದವಳು ಇವಳೇ. “ಅವ್ವ ಎಂಗಿದ್ಲು ಅಂತ ಬರ್ದು ಕೊಡು ಚಿಕ್ಕವ್ವ, ನಂಗೆ ಮುಖಾನೂ ಸರ್ಯಾಗಿ ಗ್ಯಾಪಕ ಇಲ್ಲ,” ಎಂದು ಹುಡುಗಿ ಕೇಳಿದ್ದೇ ತಡ, ಹನ್ನೊಂದು ಅಧ್ಯಾಯ ನೀರು ಕುಡಿದಷ್ಟು ಸಲೀಸಾಗಿ ಬಂದವು. ಅಕ್ಕ ನಾಲೆಯಲ್ಲಿ ಈಜಿದ್ದು, ಊರಿನವರ ಹತ್ತಿರ ಜಗಳ ಕಾದಿದ್ದು, ಮದುವೆಯಾಗಿ ಚಾಮರಾಜಪುರಂಗೆ ಬಂದಿದ್ದು. ಉಳಿದದ್ದು ಹನ್ನೆರಡನೆಯದು, ಅಕ್ಕನ ಕೊನೆಯ ದಿನ.

ಅಲ್ಲಿಂದ ಶುರುವಾಯಿತು ನೋಡಿ, ಹೊಸ ಕಥೆಗಳ ಕಾಟ. ಪೆನ್ನು ಹಿಡಿದರೆ ಸಾಕು, ಕರೆಯದ ನೆಂಟರ ಹಾಗೆ ಒಂದೊಂದೇ ಬಂದು ಕೂರುತ್ತಿದ್ದವು. ಅಳತೆ ಚೀಟಿಯ ಬೆನ್ನಿಗೆ ಗೀಚಿ ಅವನ್ನು ಗುಂಡಿಯ ಡಬ್ಬಿಗೆ ಹಾಕುವಳು. ಡಬ್ಬಿ ತುಂಬಿತು, ಅಧ್ಯಾಯ ಹಾಗೇ ಇತ್ತು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ತಪ್ಪೆಲ್ಲ ಕಥೆಗಳದ್ದೇ ಅಂದಳು. ಕಡೆಗೆ ಬೆಟ್ಟ ಹತ್ತಿ, ತನ್ನದೇ ಹೆಸರಿನ ದೇವಿಯ ಮುಂದೆ ಅರಿಸಿನದ ದಾರದ ಕಂಕಣ ಕಟ್ಟಿಸಿಕೊಂಡಳು. ಪುಸ್ತಕ ಮುಗಿಯುವ ತನಕ ಬೇರೆ ಕಥೆ ಬರೆಯುವುದಿಲ್ಲ, ಇದನ್ನು ಬಿಚ್ಚುವುದೂ ಇಲ್ಲ ಎಂದು ಹರಕೆ ಹೊತ್ತಳು.

ತಾನೇ ಹೆಣೆದ ಬಲೆಗೆ ತಾನೇ ಬಿದ್ದಳು. ಹೊಸದು ಬರೆಯುವಂತಿಲ್ಲ, ಹಳೆಯದು ಕದಲುವುದಿಲ್ಲ. ದಿನವಿಡೀ ಕೈಯಲ್ಲಿ ಕತ್ತರಿ, ಆದರೆ ಆ ಒಂದು ದಾರಕ್ಕೆ ತಾಗಿಸುವಂತಿಲ್ಲ. ಆರು ತಿಂಗಳಲ್ಲಿ ಅದು ಮಾಸಿ ಕಪ್ಪಾಯಿತು. ಅಕ್ಕನ ಕೊನೆಯ ದಿನದ ಒಂದು ಸಂಗತಿ ಅವಳೊಬ್ಬಳಿಗೇ ಗೊತ್ತು. ಅದನ್ನು ಬರೆದರೆ ಬಿಂದುಶ್ರೀ ತನ್ನನ್ನು ಚಿಕ್ಕವ್ವ ಅನ್ನುವುದನ್ನೇ ಬಿಟ್ಟುಬಿಟ್ಟಾಳು ಎಂಬ ಭಯ ಅವಳನ್ನು ತಿನ್ನುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಬಿಂದುಶ್ರೀ ಗುಂಡಿ ಹುಡುಕಲು ಡಬ್ಬಿ ಸುರಿದಳು. ಚೀಟಿಗಳನ್ನು ಕಂಡು ಓದುತ್ತ ಕೂತಳು. ಒಂದರಲ್ಲಿ ಬಸ್ ಕಂಡಕ್ಟರ್ ಬಸುರಿಯನ್ನು ಆಸ್ಪತ್ರೆ ಮುಟ್ಟಿಸುತ್ತಾನೆ. ಇನ್ನೊಂದರಲ್ಲಿ ಬೆಂಕಿ ಬಿದ್ದ ಮನೆಗೆ ಪಕ್ಕದ ಮನೆಯವಳು ನುಗ್ಗುತ್ತಾಳೆ. ಕೆರೆಗೆ ಬಿದ್ದವಳನ್ನು ಒಬ್ಬ ಕುರಿಗಾಹಿ ಎಳೆದುಹಾಕುತ್ತಾನೆ.

“ಇವೆಲ್ಲ ಒಂದೇ ಕತೆ ಕಣ್ ಚಿಕ್ಕವ್ವ,” ಎಂದಳು ಹುಡುಗಿ. “ಎಲ್ಲಾದ್ರಲ್ಲೂ ಯಾರೋ ಒಬ್ರು ಟೈಮ್‌ಗೆ ಸರ್ಯಾಗಿ ಬಂದ್ಬುಡ್ತಾರೆ.”

ಮಿಷನ್ ತುಳಿಯುತ್ತಿದ್ದ ಚಾಮುಂಡೇಶ್ವರಿಯ ಕಾಲು ನಿಂತಿತು.

“ಅವತ್ತು ನಿಮ್ಮವ್ವ ಫೋನ್ ಮಾಡಿದ್ಲು,” ಎಂದಳು. “ಎದೆ ಹಿಡ್ಕೊಂಡದೆ, ಮನೇಲಿ ಯಾರೂ ಇಲ್ಲ, ಆಸ್ಪತ್ರೆಗೆ ಕರ್ಕೊಂಡೋಗು ಬಾ ಅಂದ್ಲು. ಗಾಡೀಲಿ ಹತ್ತೇ ನಿಮಿಷ ಕಣವ್ವ. ಬತ್ತೀನಿ ತಡಿ ಅಂದ್ಬುಟ್ಟು... ನಾ ಹೋಗೋ ಹೊತ್ಗೆ ಸಂಜೆ ಆಗೋಗಿತ್ತು.”

ಬಿಂದುಶ್ರೀ ಚೀಟಿಗಳನ್ನೆಲ್ಲ ಬಾಚಿ ಡಬ್ಬಿಗೆ ಹಾಕಿದಳು. ಆಮೇಲೆ ಎದ್ದು, ಪುಸ್ತಕದ ನೋಟ್‌ಬುಕ್ ತಂದು ಮಿಷನ್ ಮೇಲಿಟ್ಟು, “ಬರಿ,” ಎಂದಳು. ಎದುರಿಗೇ ಸ್ಟೂಲ್ ಎಳೆದುಕೊಂಡು ಕೂತಳು.

ತಪ್ಪಿಸಿಕೊಳ್ಳೋಣವೆಂದರೆ ಅವತ್ತು ಒಂದು ಕಥೆಯೂ ಬರಲಿಲ್ಲ. ಚಾಮುಂಡೇಶ್ವರಿ ಹನ್ನೆರಡನೆಯ ಅಧ್ಯಾಯದ ಮೊದಲ ಸಾಲು ಬರೆದಳು: “ಸಂಜೆಗೆ ಕೊಡುತ್ತೇನೆಂದು ಹೇಳಿದ್ದ ಎರಡು ಬ್ಲೌಸ್ ಬಾಕಿ ಇದ್ದವು.”