ಕನ್ನಡಿಗೆ ಅಂಟಿದ ಬೊಟ್ಟು

ಬಚ್ಚಲಿನ ಕನ್ನಡಿ ಒರೆಸುವಾಗ ಬಟ್ಟೆ ಹಳೆಯ ಸ್ಟಿಕರ್ ಬೊಟ್ಟೊಂದಕ್ಕೆ ತಗುಲಿ ನಿಂತಿತು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೀತು. ಹೆಂಗಸರಿರುವ ಮನೆಯಲ್ಲಿ ಕನ್ನಡಿಗೂ ಮುತ್ತೈದೆತನ ತಪ್ಪಿದ್ದಲ್ಲ.

ಮೈಸೂರಿನಿಂದ ಡೊಂಬಿವಲಿಗೆ ಬಂದ ಹೊಸದರಲ್ಲಿ ಸ್ಟೇಷನ್ ಹೊರಗೆ ಕೊಳ್ಳುತ್ತಿದ್ದ ಬೊಟ್ಟುಗಳವು. ಲೋಕಲ್ ಗಾಡಿಯ ಬೆವರಿಗೂ ಬೀಳುತ್ತಿರಲಿಲ್ಲ. ಮೊದಲು ಹಣೆ ತುರಿಸಿತು, ಆಮೇಲೆ ಬೊಟ್ಟಿನಷ್ಟೇ ಅಗಲ ಬಿಳುಪಾಯಿತು. ನಾನು ಮಾಡಿದ ಜಾಣತನ ಕೇಳಿ: ಅದನ್ನು ಮುಚ್ಚಲು ಇನ್ನೂ ದೊಡ್ಡ ಬೊಟ್ಟಿಟ್ಟೆ. ಕಲೆ ಹರಡಿತು, ಬೊಟ್ಟೂ ಬೆಳೆಯಿತು. ತೊನ್ನೇ ಇರಬೇಕೆಂದು ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ.

ಕೊನೆಗೆ ಚರ್ಮದ ಡಾಕ್ಟರು ನೋಡಿ, ತೊನ್ನಲ್ಲ, ಬೊಟ್ಟಿನ ಅಂಟು ನಿಮಗೆ ಆಗುವುದಿಲ್ಲ ಎಂದರು. "ಟಿಕಲಿ ಬಂದ್. ಕುಂಕುಮ ಭೀ ನಹೀ." ಬೊಟ್ಟೂ ಇಲ್ಲ, ಕುಂಕುಮವೂ ಇಲ್ಲ. ಬಣ್ಣ ಮರಳಿದರೆ ಮರಳೀತು, ಅಷ್ಟೇ.

ನೆಮ್ಮದಿಯಾಗಬೇಕಿತ್ತು. ಆದರೆ ಇನ್ನು ಯಾವುದರಿಂದ ಮುಚ್ಚುವುದು? ಬರಿ ಹಣೆಯಲ್ಲಿ ಹೊರಗೆ ಹೋಗುವುದಾದರೂ ಹೇಗೆ? "ನಾನಿನ್ನೂ ಇದೀನಿ ಅಂತ ಬಾಗಿಲಿಗೊಂದು ಬೋರ್ಡ್ ಹಾಕ್ಸ್ಲೇನೇ?" ಎಂದು ನಮ್ಮೆಜಮಾನರು ನಕ್ಕರು. ನನಗೆ ನಗು ಬರಲಿಲ್ಲ. ಈ ವಯಸ್ಸಿನಲ್ಲಿ ಸ್ಕೂಲು ಹುಡುಗಿಯಂತೆ ಮುಂಗೂದಲು ಕತ್ತರಿಸಿ ಹಣೆಯ ಮೇಲೆ ಇಳಿಬಿಟ್ಟೆ.

ಆ ಸಂಕ್ರಾಂತಿಗೆ ಪಕ್ಕದ ಮನೆಯ ಮರಾಠಿ ಚಿಕ್ಕಮ್ಮ, ಎಲ್ಲರ ಬಾಯಲ್ಲಿ 'ಕಾಕು', ಹಳದಿ-ಕುಂಕುವಿಗೆ, ಅಂದರೆ ನಮ್ಮ ಅರಿಸಿನ-ಕುಂಕುಮಕ್ಕೆ, ಕರೆದಿದ್ದರು. ಹೆಂಗಸರು ತುಂಬಿದ ಹಾಲ್‌ನಲ್ಲಿ ಕುಂಕುಮದ ಬೆರಳಿನಿಂದ ನನ್ನ ಕೂದಲು ಸರಿಸಿದವರು ಹಾಗೇ ನಿಂತರು. "ಅಗೋ ಬಾಯೀ, ಹೇ ಕಾಯ್?" ಇದೇನಿದು ಎಂದು ಎಲ್ಲರೂ ನನ್ನ ಹಣೆಯತ್ತ ತಿರುಗಿದರು. ಅಲರ್ಜಿ ಎನ್ನುವ ಒಂದು ಮಾತು ಬಾಯಿಗೆ ಬರಲಿಲ್ಲ. ಎಳ್ಳುಂಡೆ ಮುಷ್ಟಿಯಲ್ಲಿ ಹಿಡಿದು ಮನೆಗೆ ಓಡಿಬಂದೆ. ಅಂದಿನಿಂದ ಪ್ರತಿ ಸಂಕ್ರಾಂತಿಗೂ ನನಗೆ ತಲೆನೋವು. ಆ ದಿನಗಳಲ್ಲೆಲ್ಲ ಈ ಕನ್ನಡಿಯ ಮುಂದೆ ಕೊಂಚ ಬಗ್ಗಿ ನಿಲ್ಲುತ್ತಿದ್ದೆ. ಅಂಟಿದ ಬೊಟ್ಟು ಸರಿಯಾಗಿ ಹಣೆಯ ಮೇಲೆ ಬರುತ್ತಿತ್ತು. ಹೇಳಲೂ ನಾಚಿಕೆ.

ಇವತ್ತು ಮತ್ತೆ ಸಂಕ್ರಾಂತಿ. ಒರೆಸುವ ಬಟ್ಟೆ ಇನ್ನೂ ಕೈಯಲ್ಲಿರುವಾಗಲೇ ಬಾಗಿಲ ಬೆಲ್ ಆಯಿತು. ಕಾಕು. ನನ್ನ ಮರಾಠಿಯ ಮೇಲೆ ನಂಬಿಕೆಯಿಲ್ಲದೆ ಹಿಂದಿಯಲ್ಲೇ ಹೇಳಿದರು: "ಇಸ್ ಸಾಲ್ ಸಿರ್‌ದರ್ದ್ ನಹೀ ಚಲೇಗಾ. ಹಾಥ್ ಪೇ ಲಗಾವೂಂಗೀ, ಆ ಜಾ."

ಈ ವರ್ಷ ತಲೆನೋವು ನಡೆಯದು, ಕುಂಕುಮವನ್ನು ಕೈಗೇ ಹಚ್ಚುತ್ತಾರಂತೆ. ಅವರಿಗೆ ಎಲ್ಲ ತಿಳಿದಿತ್ತು. ಎಂದಿನಿಂದಲೋ! ನನ್ನ ತಲೆನೋವುಗಳನ್ನೆಲ್ಲ ನೆನೆದು ಕಿವಿ ಬಿಸಿಯಾಯಿತು.

ಬಚ್ಚಲಿಗೆ ಮರಳಿ ಬೊಟ್ಟನ್ನು ಉಗುರಿನಿಂದ ಕಿತ್ತೆ. ಕನ್ನಡಿಯಲ್ಲೂ ಅಷ್ಟಗಲದ ಕಲೆ ಉಳಿಯಿತು. ಮುಂಗೂದಲನ್ನು ಹಿಂದಕ್ಕೆ ಬಾಚಿ ಪಿನ್ ಹಾಕಿದೆ. ನಾಚಿಕೆ ಹೋಗಿರಲಿಲ್ಲ. ಅದನ್ನೂ ಕರೆದುಕೊಂಡೇ ಪಕ್ಕದ ಮನೆಗೆ ಹೊರಟೆ.